ರೀ:ಝೀರೋ 15ನೇ ಎಪಿಸೋಡ್ ಆಯ್ತು, ಮುಂದೆ ನೋಡಲು ಧೈರ್ಯ ಬರುತ್ತಿಲ್ಲ. ತಮ್ಮ ನೋಡು ಅಂತಿದ್ದಾನೆ

ಮಲ್ಪೆ_ಅಲೆ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿಯವಳು, ಮಲ್ಪೆ ಹತ್ತಿರ ಮನೆ. ಅನಿಮೆ, ಅಂದರೆ ಜಪಾನಿನ ಕಾರ್ಟೂನ್ ಸರಣಿ, ನೋಡಿ ಅಭ್ಯಾಸ ಇಲ್ಲ. ತಮ್ಮ ಸೆಕೆಂಡ್ ಪಿಯುಸಿ, ಅವನಿಗೆ ಅದೇ ಪ್ರಪಂಚ. ಕಳೆದ ವಾರ ರೆಡ್ ಅಲರ್ಟ್ ಅಂತ ಎರಡು ದಿನ ಶಾಲೆ ಕಾಲೇಜಿಗೆ ರಜೆ ಕೊಟ್ಟರು. ನಮ್ಮ ಮನೆಯ ದಾರಿಯಲ್ಲಿ ಮೊಣಕಾಲಿನವರೆಗೆ ನೀರು, ನನಗೂ ಆಫೀಸಿಗೆ ಹೋಗಲು ಆಗಲಿಲ್ಲ. ಆಗ ತಮ್ಮ ಲ್ಯಾಪ್‌ಟಾಪ್ ತಂದು ನನ್ನ ಎದುರು ಇಟ್ಟ. "ಅಕ್ಕ, ಇದೊಂದು ನೋಡು. 18ನೇ ಎಪಿಸೋಡ್ ತನಕ ನೋಡು, ಆಮೇಲೆ ಮಾತಾಡುವ" ಅಂದ.

ಬೇರೆ ಲೋಕಕ್ಕೆ ಹೋಗುವ ಕತೆ ಅಂದಾಗ ನಾನು ಅಂದುಕೊಂಡದ್ದೇ ಬೇರೆ. ಹುಡುಗ ಅಲ್ಲಿ ಹೋಗಿ ದೊಡ್ಡ ವೀರ ಆಗುತ್ತಾನೆ, ಖಡ್ಗ ಸಿಗುತ್ತದೆ, ಎಲ್ಲರೂ ಹೊಗಳುತ್ತಾರೆ, ಇಷ್ಟೇ ಇರಬಹುದು ಅಂತ. ಇಲ್ಲಿ ಸುಬಾರು ಅನ್ನುವ ಹುಡುಗ ರಾತ್ರಿ ಅಂಗಡಿಯಿಂದ ಪ್ಲಾಸ್ಟಿಕ್ ಚೀಲ ಹಿಡಿದು ಹೊರಗೆ ಬರುತ್ತಾನೆ, ಕಣ್ಣು ಉಜ್ಜಿಕೊಳ್ಳುತ್ತಾನೆ, ನೋಡಿದರೆ ಬೇರೆ ಲೋಕದ ಪೇಟೆಯ ನಡುವೆ ನಿಂತಿದ್ದಾನೆ. ಮೈಮೇಲೆ ಟ್ರ್ಯಾಕ್ ಸೂಟ್, ಕೈಯಲ್ಲಿ ಕಪ್ ನೂಡಲ್ಸ್ ಮತ್ತು ಮೊಬೈಲ್, ಅಷ್ಟೇ. ಶಕ್ತಿ ಇಲ್ಲ, ವಿದ್ಯೆ ಇಲ್ಲ. ಮೊದಲ ದಿನವೇ ಹೊಟ್ಟೆ ಸೀಳಿಸಿಕೊಂಡು ಸಾಯುತ್ತಾನೆ. ಕಣ್ಣು ಬಿಟ್ಟರೆ ಮತ್ತೆ ಅದೇ ಹಣ್ಣಿನ ಅಂಗಡಿಯ ಎದುರು.

11ರ ತನಕ ಖುಷಿಯಲ್ಲೇ ನೋಡಿದೆ. ಸುಬಾರು ಹೋಗಿ ಸೇರುವ ಆ ಬಂಗಲೆ, ಅಲ್ಲಿ ಕೆಲಸಕ್ಕಿರುವ ರೆಮ್ ಮತ್ತು ರಾಮ್ ಅನ್ನುವ ಅವಳಿ ಹುಡುಗಿಯರು, ಎಲ್ಲ ಚಂದ. 12, 13ರಲ್ಲಿ ಸುಬಾರುವಿನ ಕೆನ್ನೆಗೆ ಎರಡು ಕೊಡಬೇಕು ಅನ್ನಿಸಿತು. ಆಮೇಲೆ 14, 15. ಆ ಊರಿನಲ್ಲಿ ಒಂದೇ ಒಂದು ಸದ್ದು ಇಲ್ಲದ್ದು. ಗುಹೆಯಲ್ಲಿ ಮೈಯೆಲ್ಲ ಮುರಿದು ಹೋದ ರೆಮ್ ತೆವಳಿಕೊಂಡು ಬಂದು ಅವನ ಸಂಕೋಲೆ ಬಿಡಿಸುವುದು. ಆ ಹಿಮ. ನಾನು ಲ್ಯಾಪ್‌ಟಾಪ್ ಮುಚ್ಚಿ ಅಡುಗೆಮನೆಗೆ ಹೋಗಿ ಸುಮ್ನೆ ನಿಂತೆ. ರಾತ್ರಿ ಎರಡು ಗಂಟೆಯವರೆಗೂ ನಿದ್ದೆ ಬರಲಿಲ್ಲ.

ಈಗ ಕೇಳಬೇಕಾದ್ದು ಇಷ್ಟು. ಮುಂದೆಯೂ ಹೀಗೆಯೇ ರಕ್ತ ಮಾತ್ರವಾ, ಅಥವಾ ಇದಕ್ಕೊಂದು ಅರ್ಥ ಉಂಟಾ? ತಮ್ಮ ಇದನ್ನೆಲ್ಲ ಒಬ್ಬನೇ ರಾತ್ರಿ ಕೂತು ನೋಡಿ ಮುಗಿಸಿದ್ದಾನೆ ಅಂತ ಈಗ ಗೊತ್ತಾಯಿತು. ಎರಡು ತಿಂಗಳಿಂದ ಊಟಕ್ಕೆ ಕೂತಾಗಲೂ ಅವನ ಬಾಯಲ್ಲಿ ಮಾತಿಲ್ಲ. ನಾನೇ ನೋಡಬೇಕು ಅಂತ ಅವನು ಯಾಕೆ ಹಟ ಹಿಡಿದಿದ್ದಾನೆ? 15ರ ತನಕದ ಕತೆ ಬಿಚ್ಚಿ ಮಾತಾಡಿ ಪರವಾಗಿಲ್ಲ, ಮುಂದಿನದ್ದು ಹೇಳಬೇಡಿ.

ಬಿಜೈ_ರಾತ್ರಿಪಾಳಿ

ಅಕ್ಕ, 15ರಲ್ಲಿ ಮಾತ್ರ ನಿಲ್ಲಿಸಬೇಡಿ. ಅಲ್ಲಿ ನಿಲ್ಲಿಸಿದರೆ ತಲೆಯಲ್ಲಿ ಆ ಹಿಮ ಒಂದೇ ಉಳಿಯುತ್ತದೆ. ನಾನು ಇದನ್ನು 2016ರಲ್ಲೇ ನೋಡಿದವನು, ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ವಾರಕ್ಕೊಂದರಂತೆ 25 ಎಪಿಸೋಡ್ ಬಂದವು. ನಾವು ಹಾಸ್ಟೆಲಿನಲ್ಲಿ ಆರು ಜನ ಒಂದೇ ಲ್ಯಾಪ್‌ಟಾಪಿಗೆ ತಲೆ ಕೊಟ್ಟು ಕೂರುತ್ತಿದ್ದೆವು. 15 ಮುಗಿದ ದಿನ ಯಾರೂ ಊಟಕ್ಕೆ ಏಳಲಿಲ್ಲ. ನಿಮಗೆ ಕಾಯುವ ಕಷ್ಟ ಇಲ್ಲ. 16, 17 ಎರಡೂ ಭಾರವೇ, ಬೇರೆ ರೀತಿಯ ಭಾರ, ಆದರೆ ಆ ಎರಡನ್ನೂ 18ನ್ನೂ ಒಂದೇ ಕೂತದ್ದರಲ್ಲಿ ನೋಡಿ ಮುಗಿಸಿ.

ಅರ್ಥ ಉಂಟಾ ಅಂತ ಕೇಳಿದಿರಲ್ಲ. ನನಗೆ ಕಂಡದ್ದು ಹೇಳುತ್ತೇನೆ. ಸತ್ತು ಹಿಂದೆ ಬರುವುದು ವರ ಅಂತ ಮೊದಲು ಅನ್ನಿಸುತ್ತದೆ, ಅಲ್ವಾ? ತಪ್ಪಿದರೆ ಮತ್ತೆ ಮಾಡಬಹುದು ಅಂತ. ಆದರೆ ಎಲ್ಲಿಗೆ ಹಿಂದೆ ಬರುತ್ತೇನೆ ಅನ್ನುವುದು ಅವನ ಕೈಯಲ್ಲಿ ಇಲ್ಲ. ಮೊದಲು ಹಣ್ಣಿನ ಅಂಗಡಿ, ಆಮೇಲೆ ಬಂಗಲೆಯ ಹಾಸಿಗೆ, ಯಾವಾಗ ಬದಲಾಗುತ್ತದೆ ಅಂತ ಅವನಿಗೂ ಗೊತ್ತಿಲ್ಲ. ಯಾರಿಗಾದರೂ ಹೇಳೋಣ ಅಂತ ಬಾಯಿ ತೆರೆದರೆ ಕಾಲವೇ ನಿಂತು ಆ ಕಪ್ಪು ಕೈ ಬಂದು ಎದೆಯೊಳಗೆ ಹೃದಯ ಹಿಂಡುತ್ತದೆ. ಅದಕ್ಕಿಂತ ಕ್ರೂರವಾದ್ದು ವಾಸನೆ. ಸತ್ತು ಬಂದಷ್ಟೂ ಅವನ ಮೈಯಿಂದ, ಆ ಲೋಕದವರೆಲ್ಲ ಹೆದರುವ ಮಾಟಗಾತಿಯ ವಾಸನೆ ಜಾಸ್ತಿ ಆಗುತ್ತದೆ. ಆ ವಾಸನೆ ಗೊತ್ತಾಗುವುದು ಯಾರಿಗೆ? ರೆಮ್‌ಗೆ. ಅವಳ ಊರನ್ನು ಸುಟ್ಟವರೇ ಆ ಮಾಟಗಾತಿಯ ಭಕ್ತರು. ಅಂದರೆ ರೆಮ್‌ನ ಉಳಿಸಲು ಇವನು ಸತ್ತು ಬಂದಷ್ಟೂ ರೆಮ್‌ಗೆ ಇವನ ಮೇಲೆ ಸಂಶಯ ಹೆಚ್ಚುತ್ತದೆ. ನೀವು ಬಂಗಲೆಯ ಭಾಗ ಇನ್ನೊಮ್ಮೆ ಇದನ್ನು ಮನಸ್ಸಲ್ಲಿ ಇಟ್ಟು ನೋಡಿ, ರೆಮ್ ಅವನ ಹತ್ತಿರ ನಿಂತಾಗ ಮುಖ ಹೇಗೆ ಇಟ್ಟುಕೊಳ್ಳುತ್ತಾಳೆ ಅಂತ.

ನನಗೆ ಹೆದರಿಕೆ ಆಗುವುದು ರಕ್ತದಿಂದ ಅಲ್ಲ. ಅವನು ನಿನ್ನೆ ಯಾರ ಜೊತೆ ನಕ್ಕು ಮಾತಾಡಿದ್ದನೋ ಅವರಿಗೆ ಇವತ್ತು ಅವನ ಹೆಸರೇ ಗೊತ್ತಿಲ್ಲ. ಎಲ್ಲ ಇವನ ತಲೆಯಲ್ಲಿ ಮಾತ್ರ. ಹಾಗೆ ಬದುಕುವ ಹುಡುಗ 13ರಲ್ಲಿ ತಾನು ಪ್ರೀತಿಸುವ ಎಮಿಲಿಯಾ ಹತ್ತಿರ ಆ ರೀತಿ ಕಿರುಚಿದ್ದು ತಪ್ಪೇ, ಆದರೆ ಎಲ್ಲಿಂದ ಬಂತು ಅಂತ ನನಗೆ ಅರ್ಥ ಆಗುತ್ತದೆ.

ಇನ್ನೊಂದು. 15ರಲ್ಲಿ ಬರುವ ಆ ಹುಚ್ಚ, ಪೆಟೆಲ್‌ಗ್ಯೂಸ್, ಅವನಿಗೆ ಧ್ವನಿ ಕೊಟ್ಟವರು ಯೋಶಿತ್ಸುಗು ಮತ್ಸುವೋಕಾ. ಸ್ವೋರ್ಡ್ ಆರ್ಟ್ ಆನ್‌ಲೈನ್‌ನ ನಾಯಕ ಕಿರಿಟೋನ ಧ್ವನಿಯೂ ಇವರದ್ದೇ. ಅದು ಗೊತ್ತಾದಾಗ ನಾನು ಹಿಂದೆ ಹೋಗಿ ಆ ಗುಹೆಯ ಭಾಗ ಬರೀ ಕಿವಿಯಲ್ಲಿ ಕೇಳಿದೆ. ಬೆರಳು ಕಚ್ಚುತ್ತಾ ಮಾತಾಡುವಾಗ ಆ ಉಸಿರು ಹೇಗೆ ಹರಿಯುತ್ತದೆ, ಎಲ್ಲಿ ತುಂಡಾಗುತ್ತದೆ ಅಂತ.

ಪಣಂಬೂರು_ಪಡುಗಾಳಿ

ನಾನು ಇದನ್ನು ಅರ್ಧದಲ್ಲಿ ಬಿಟ್ಟವನು, ಹಾಗಾಗಿ ನನ್ನ ಮಾತು ಬೇರೆ. ಬೇಜಾರು ಮಾಡಬೇಡಿ. ನನಗೆ ಇದರಲ್ಲಿ ಒಪ್ಪಿಗೆ ಆಗದ್ದು ರೆಮ್‌ನ ಬಳಸಿದ ರೀತಿ. ಹುಡುಗನಿಗೆ ನೋವಾಗಬೇಕು ಅಂದಾಗಲೆಲ್ಲ ಒಂದು ಹುಡುಗಿ ಸಾಯಬೇಕಾ? ಅದೂ ಹಾಗೆ ಹಾಗೆ ತೋರಿಸಿ? ಮತ್ತೆ ಎದ್ದು ಬರುತ್ತಾಳೆ ಅಂತ ಗೊತ್ತಿದ್ದಾಗ ಆ ಸಾವಿಗೆ ಬೆಲೆ ಎಲ್ಲಿ ಉಳಿಯುತ್ತದೆ?

ಇದೇ ಜಾತಿಯ ಕತೆ, ಆದರೆ ಸತ್ತವರು ಸತ್ತೇ ಹೋಗುವ ಕತೆ ಬೇಕಿದ್ದರೆ ಗ್ರಿಮ್‌ಗಾರ್ ನೋಡಿ. ಅದೂ 2016ರದ್ದೇ, 12 ಎಪಿಸೋಡ್. ಹಿಂದಿನದ್ದೇನೂ ನೆನಪಿಲ್ಲದೆ ಒಂದಷ್ಟು ಮಂದಿ ಬೇರೆ ಲೋಕದಲ್ಲಿ ಎದ್ದೇಳುತ್ತಾರೆ, ಹೊಟ್ಟೆಪಾಡಿಗೆ ಗಾಬ್ಲಿನ್ ಕೊಲ್ಲಬೇಕು. ಒಂದೇ ಒಂದು ಗಾಬ್ಲಿನ್‌ನ ಕೊಲ್ಲಲು ಅವರು ಪಡುವ ಪಾಡು ನೋಡಬೇಕು, ಅದೂ ಬದುಕಬೇಕು ಅಂತ ಒದ್ದಾಡುತ್ತದೆ, ಇವರ ಕೈ ನಡುಗುತ್ತದೆ. ಒಳಗಿನ ಬಟ್ಟೆ ಹಳತಾಯ್ತು, ಹೊಸದು ತೆಗೆಯಲು ದುಡ್ಡಿಲ್ಲ ಅನ್ನುವ ಚಿಂತೆಯೂ ಅದರಲ್ಲಿ ಉಂಟು. ಹಿನ್ನೆಲೆಯ ಚಿತ್ರಗಳು ಜಲವರ್ಣದ ಹಾಗೆ. ನನಗೆ ಅದು ಜಾಸ್ತಿ ನಿಜ ಅನ್ನಿಸಿತು.

ಬಿಜೈ_ರಾತ್ರಿಪಾಳಿ

ಗ್ರಿಮ್‌ಗಾರ್ ನನಗೂ ಇಷ್ಟ ಮಾರಾಯ್ರೆ, ಅದರಲ್ಲಿ ಎರಡು ಮಾತಿಲ್ಲ. ತೋರಿಸಿದ ರೀತಿ ಜಾಸ್ತಿ ಆಯಿತು ಅನ್ನುವುದನ್ನೂ ಒಪ್ಪುತ್ತೇನೆ, 15ರಲ್ಲಿ ಸ್ವಲ್ಪ ಕಡಿಮೆ ತೋರಿಸಿದ್ದರೂ ಅಷ್ಟೇ ತಟ್ಟುತ್ತಿತ್ತು. ಆದರೆ ಬೆಲೆ ಇಲ್ಲ ಅನ್ನುವುದನ್ನು ಒಪ್ಪಲು ಆಗುವುದಿಲ್ಲ. ರೆಮ್ ಎದ್ದು ಬರುತ್ತಾಳೆ ಸರಿ. ಎದ್ದು ಬಂದವಳಿಗೆ ತಾನು ಯಾರಿಗಾಗಿ ತೆವಳಿದೆ ಅಂತ ನೆನಪಿಲ್ಲ. ಅದನ್ನು ಕಂಡ ಒಬ್ಬನೇ ಒಬ್ಬ ಇರುವುದು ಸುಬಾರು. ಅವಳು ನಗುತ್ತಾ ಎದುರು ನಿಂತಾಗ ಅವನಿಗೆ ಕಾಣುವುದು ಆ ಮುರಿದ ಕೈ. ನಮಗೆ ಅವಳು ವಾಪಸ್ ಸಿಕ್ಕಿದಳು, ಅವನಿಗೆ ಅವಳು ಸತ್ತದ್ದೂ ಹಾಗೆಯೇ ಉಳಿಯಿತು.

ಕುಂಜಿಬೆಟ್ಟು_ಓದುಗ

ನಾನು ಕಾದಂಬರಿಯ ಕಡೆಯಿಂದ ಬಂದವನು. ಇದನ್ನು ಬರೆದವರು ತಪ್ಪೇಯ್ ನಾಗತ್ಸುಕಿ ಅನ್ನುವವರು. 2012ರಲ್ಲಿ ಜಪಾನಿನ ಒಂದು ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ಓದುವ ಹಾಗೆ ಬಿಡಿ ಬಿಡಿಯಾಗಿ ಹಾಕಲು ಶುರು ಮಾಡಿದರು. 2014ರ ಜನವರಿಯಲ್ಲಿ ಪುಸ್ತಕವಾಗಿ ಬಂತು, ಆಮೇಲೆ ವೈಟ್ ಫಾಕ್ಸ್ ಸ್ಟುಡಿಯೋದವರು ಅನಿಮೆ ಮಾಡಿದರು. ಆ ವೆಬ್‌ಸೈಟಿನಲ್ಲಿ ಬೇರೆ ಲೋಕಕ್ಕೆ ಹೋಗುವ ಕತೆಗಳು ಮಳೆಗಾಲದ ಅಣಬೆಯ ಹಾಗೆ ಏಳುತ್ತಿದ್ದವು. ಇಸೆಕಾಯ್ ಅಂದರೆ ಅರ್ಥವೇ ಬೇರೆ ಲೋಕ. ಅಂಥ ಕತೆ ಓದಿ ಓದಿ, ತಾನೇ ನಾಯಕ ಅಂತ ನಂಬಿಕೊಂಡು ಹೋದ ಹುಡುಗ ಸುಬಾರು. ಅವನನ್ನು ಆ ನಂಬಿಕೆಯಿಂದ ಹೊರಗೆ ತರುವುದೇ ಮೊದಲ 17 ಎಪಿಸೋಡ್‌ಗಳ ಕೆಲಸ ಅಂತ ನನಗೆ ಕಾಣುತ್ತದೆ.

18ರಲ್ಲಿ ಏನಾಗುತ್ತದೆ ಅಂತ ಹೇಳುವುದಿಲ್ಲ. ಹೇಗೆ ಅಂತ ಮಾತ್ರ ಹೇಳುತ್ತೇನೆ. ನೀವು ಉಡುಪಿಯವರು, ತಾಳಮದ್ದಳೆ ಕೇಳಿರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ, ಕಿರೀಟ ಇಲ್ಲ. ಬಿಳಿ ಪಂಚೆ ಉಟ್ಟವರು ಎದುರೆದುರು ಕೂತು ಮಾತಾಡುತ್ತಾರೆ, ಅಷ್ಟೇ. ಭಾಗವತರು ಪದ ಹೇಳಿ ನಿಲ್ಲಿಸಿದ ಮೇಲೆ ಕರ್ಣನ ಅರ್ಥ ಹೇಳುವವರು ಬಾಯಿ ತೆರೆದರೆ ಸಭೆ ಉಸಿರು ಹಿಡಿಯುತ್ತದೆ. ನಾನು ಚಿಕ್ಕವನಿದ್ದಾಗ ಅಜ್ಜನ ಜೊತೆ ದೇವಸ್ಥಾನದ ಅಂಗಳದಲ್ಲಿ ಕೂತು ಕರ್ಣಭೇದನ ಕೇಳಿದ್ದೇನೆ, ಹೊರಗೆ ಮಳೆ, ಅಜ್ಜ ಎಲೆಯಡಿಕೆ ಬಾಯಿಗೆ ಹಾಕಲು ಮರೆತು ಕೈಯಲ್ಲೇ ಹಿಡಿದುಕೊಂಡು ಕೂತಿದ್ದರು. 18ನೇ ಎಪಿಸೋಡ್ ಹಾಗೆ. ಹೆಚ್ಚುಕಡಿಮೆ ಇಡೀ ಎಪಿಸೋಡ್ ಇಬ್ಬರ ಮಾತು. ಆ ಮಾತಿನ ನಡುವೆ ಕತ್ತಿ ಇಲ್ಲ, ರಕ್ತ ಇಲ್ಲ. ಜಪಾನಿ ಧ್ವನಿಯಲ್ಲೇ ನೋಡಿ, ಸುಬಾರುವಿಗೆ ಧ್ವನಿ ಕೊಟ್ಟ ಯೂಸುಕೆ ಕೊಬಾಯಾಶಿಯ ಗಂಟಲು ಒಡೆಯುವ ಜಾಗ ಒಂದುಂಟು, ಅದಕ್ಕೆ ಸಬ್‌ಟೈಟಲ್ ಬೇಕಾಗುವುದಿಲ್ಲ.

ಸುರತ್ಕಲ್_ಸಿಸ್ಟರ್

ಅನಿಮೆ ಬಗ್ಗೆ ನನಗೆ ಜಾಸ್ತಿ ಗೊತ್ತಿಲ್ಲ, ಮಗಳು ನೋಡುವಾಗ ಪಕ್ಕದಲ್ಲಿ ಕೂತು ಮೊದಲ ಸೀಸನ್ ಪೂರ್ತಿ ನೋಡಿದ್ದೇನೆ. ನಾನು ನರ್ಸ್. ನಿಮ್ಮ ಪ್ರಶ್ನೆಯಲ್ಲಿ ನನಗೆ ಕಣ್ಣಿಗೆ ಬಿದ್ದದ್ದು ಕೊನೆಯ ಸಾಲುಗಳು. ಸೆಕೆಂಡ್ ಪಿಯುಸಿ ಹುಡುಗ, ಎರಡು ತಿಂಗಳಿಂದ ಮಾತಿಲ್ಲ, ರಾತ್ರಿ ಒಬ್ಬನೇ ನೋಡುತ್ತಾನೆ.

7ನೇ ಎಪಿಸೋಡ್‌ನ ಕೊನೆ ನೆನಪು ಮಾಡಿಕೊಳ್ಳಿ. ಸುಬಾರು ತಾನೇ ಬೇಕೆಂದು ಬಂಡೆಯಿಂದ ಹಾರುತ್ತಾನೆ, ಎಲ್ಲವನ್ನೂ ಸರಿ ಮಾಡಲು. ಕತೆಯಲ್ಲಿ ಅವನು ಎದ್ದು ಬರುತ್ತಾನೆ. ಅದು ಕತೆ. ನಾನು ನಿಮ್ಮನ್ನು ಹೆದರಿಸುತ್ತಿಲ್ಲಮ್ಮ, ನೋಡಿದ ಮಕ್ಕಳೆಲ್ಲ ಹಾಗೆ ಯೋಚಿಸುತ್ತಾರೆ ಅಂತಲೂ ಅಲ್ಲ. ನನ್ನ ಮಗಳಿಗೆ ಏನೂ ಆಗಲಿಲ್ಲ. ಆದರೆ ಮನಸ್ಸು ಕುಸಿದಿರುವ ಹುಡುಗ ಅದನ್ನು ಒಬ್ಬನೇ ನೋಡಬಾರದು. ಅವನು ಅಕ್ಕನ್ನ ಕರೆದು ನೋಡು ಅಂತ ಹೇಳಿದ್ದು ಒಳ್ಳೆಯದೇ ಆಯಿತು. ಬಾಯಲ್ಲಿ ಹೇಳಲು ಆಗದ್ದನ್ನು ಮಕ್ಕಳು ಹೀಗೆ ಎದುರಿಗೆ ತಂದು ಇಡುತ್ತಾರೆ.

ನೀವು ನೋಡುವಾಗ ಅವನನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮುಗಿದ ಮೇಲೆ ಪರೀಕ್ಷೆ, ಮಾರ್ಕು ಅಂತ ಶುರು ಮಾಡಬೇಡಿ. ಕೇಳಬೇಕಾದ್ದನ್ನು ನೇರವಾಗಿಯೇ ಕೇಳಿ, ಸಾಯಬೇಕು ಅಂತ ಅನ್ನಿಸುತ್ತದಾ ಅಂತಲೂ ಕೇಳಬಹುದು, ಕೇಳಿದರೆ ಹೊಸದಾಗಿ ತಲೆಗೆ ಬರುತ್ತದೆ ಅನ್ನುವುದು ಸುಳ್ಳು. ಹೌದು ಅಂದರೆ ಒಬ್ಬನೇ ಬಿಡಬೇಡಿ, ಅವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. 14416 ಅಂತ ಸರಕಾರದ ಟೆಲಿ ಮಾನಸ್ ನಂಬರ್ ಉಂಟು, ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಯಾವಾಗಲೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅದು ನಿಮಗೂ ಆಗುತ್ತದೆ, ಅವನಿಗೂ ಆಗುತ್ತದೆ.

ಪಣಂಬೂರು_ಪಡುಗಾಳಿ

ಸಿಸ್ಟರ್ ಹೇಳಿದ್ದು ಸರಿ. ನಾನು ಕತೆಯ ಬಗ್ಗೆಯೇ ಮಾತಾಡುತ್ತಾ ಕೂತೆ, ಆ ಕೊನೆಯ ಸಾಲು ಓದಿಯೇ ಇರಲಿಲ್ಲ. ಅಕ್ಕ, ನನ್ನ ಮಾತು ಬಿಡಿ, ತಮ್ಮನ ಜೊತೆ 18 ನೋಡಿ.

ಮಲ್ಪೆ_ಅಲೆ

ನಿನ್ನೆ ರಾತ್ರಿ ನೋಡಿದೆವು. ನಾನು, ತಮ್ಮ, ಅಮ್ಮ ಮೂವರೂ. ಅಮ್ಮನನ್ನು ಕರೆಯಲಿಲ್ಲ, ಹಲಸಿನ ಬೀಜದ ಸಿಪ್ಪೆ ತೆಗೆಯಲು ಮೊರ ಹಿಡಿದುಕೊಂಡು ನಮ್ಮ ಹತ್ತಿರವೇ ಬಂದು ಕೂತರು. 16 ಮುಗಿಯುವಾಗ ಕರೆಂಟ್ ಹೋಯಿತು. ಲ್ಯಾಪ್‌ಟಾಪಿನ ಬ್ಯಾಟರಿಯಲ್ಲೇ ಮುಂದಿನ ಎರಡು ನೋಡಿದೆವು. ಮಳೆಯ ಸದ್ದಿಗೆ ಸರಿಯಾಗಿ ಕೇಳದೆ ಮೂವರೂ ಪರದೆಗೆ ಅಂಟಿಕೊಂಡು ಕೂತಿದ್ದೆವು.

ತಾಳಮದ್ದಳೆ ಅಂದವರು ಸರಿಯಾಗಿ ಹೇಳಿದಿರಿ. ಸುಬಾರು ತನ್ನ ಬಗ್ಗೆ ತಾನೇ ಹೇಳಿಕೊಳ್ಳುವ ಜಾಗ, ನಾನು ಏನೂ ಇಲ್ಲದವನು, ಏನೂ ಮಾಡದೆ ದೊಡ್ಡ ಮಾತು ಮಾತ್ರ ಆಡಿದವನು ಅಂತ ಎಲ್ಲ ಹೊರಗೆ ಹಾಕುವ ಜಾಗ. ಆಗ ನಾನು ಪರದೆ ಬಿಟ್ಟು ತಮ್ಮನ ಮುಖ ನೋಡಿದೆ. ಅವನ ತುಟಿ ಅಲುಗಾಡುತ್ತಿತ್ತು, ಆ ಮಾತುಗಳು ಅವನಿಗೆ ಬಾಯಿಪಾಠ ಆಗಿವೆ. ಜಪಾನಿ ಭಾಷೆಯಲ್ಲೇ.

ಮುಗಿದ ಮೇಲೆ ನಾನೇನೂ ಕೇಳಲಿಲ್ಲ. ಸಿಸ್ಟರ್, ನಿಮ್ಮ ಮಾತು ನೆನಪಿತ್ತು. ಸ್ವಲ್ಪ ಹೊತ್ತು ಬಿಟ್ಟು ಅವನೇ ಶುರು ಮಾಡಿದ. ಫಿಸಿಕ್ಸ್ ಒಂದಕ್ಷರವೂ ತಲೆಗೆ ಹತ್ತುತ್ತಿಲ್ಲವಂತೆ. ಕ್ಲಾಸಿನಲ್ಲಿ ಎಲ್ಲರ ಜೊತೆ ತಲೆ ಆಡಿಸಿಕೊಂಡು ಕೂರುತ್ತಾನಂತೆ, ಎರಡು ಟೆಸ್ಟಿನ ಪೇಪರ್ ಮನೆಗೆ ತಂದೇ ಇಲ್ಲ. ಜೂನ್‌ನಿಂದ ಸಂಜೆಯ ಕೋಚಿಂಗಿಗೆ ಹೋಗುತ್ತೇನೆ ಅಂತ ಹೊರಟು ಬೀಚಿನಲ್ಲಿ ಕೂತು ಬರುತ್ತಿದ್ದನಂತೆ, ಈ ಮಳೆಯಲ್ಲಿ. ಅವನ ಬ್ಯಾಗಿನ ಪುಸ್ತಕಗಳು ಯಾವಾಗಲೂ ಯಾಕೆ ಒದ್ದೆ ಅಂತ ನಾನು ಒಂದು ದಿನವೂ ಯೋಚಿಸಲಿಲ್ಲ. ಕೇಳಬೇಕಾದ್ದನ್ನೂ ಕೇಳಿದೆ. ಸಾಯಬೇಕು ಅಂತ ಅನ್ನಿಸಿಲ್ಲ, ಮಾಯ ಆಗಬೇಕು ಅನ್ನಿಸಿದೆ ಅಂದ. ಇವತ್ತು ಬೆಳಿಗ್ಗೆ ಅವನೂ ನಾನೂ ಸೇರಿ 14416ಕ್ಕೆ ಮಾತಾಡಿದೆವು. ಶನಿವಾರ ಒಬ್ಬರು ಡಾಕ್ಟರ ಹತ್ತಿರ ಹೋಗುತ್ತೇವೆ.

ಅಮ್ಮ ಇಷ್ಟೆಲ್ಲ ಆಗುವಾಗ ಬೀಜದ ಸಿಪ್ಪೆ ತೆಗೆಯುತ್ತಲೇ ಇದ್ದರು, ಕೈ ನಿಲ್ಲಿಸಲಿಲ್ಲ. ಕೊನೆಗೆ ಪರದೆಯ ಕಡೆ ಕೈ ತೋರಿಸಿ ಕೇಳಿದ್ದು ಒಂದೇ: "ಆ ಹುಡುಗನಿಗೆ ಅಪ್ಪ ಅಮ್ಮ ಇಲ್ಲವಾ? ಅವರು ಎಲ್ಲಿ ಹುಡುಕುತ್ತಾ ಇರಬಹುದು?" ನಮ್ಮಿಬ್ಬರಿಗೂ ಏನು ಹೇಳುವುದು ಅಂತ ತಿಳಿಯಲಿಲ್ಲ.

ಕುಂಜಿಬೆಟ್ಟು_ಓದುಗ

ನಿಮ್ಮ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ. ಮೊದಲ ಸೀಸನ್‌ನಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಎರಡನೇ ಸೀಸನ್ 2020ರ ಏಪ್ರಿಲ್‌ನಲ್ಲಿ ಬರಬೇಕಿತ್ತು, ಕೊರೋನಾದಿಂದ ಜುಲೈಗೆ ಹೋಯಿತು. ಅದರ 4ನೇ ಎಪಿಸೋಡ್ ಪೂರ್ತಿ ಸುಬಾರು ಮತ್ತು ಅವನ ಅಪ್ಪ ಅಮ್ಮನದ್ದೇ. ಆ ದಿನ ಅಮ್ಮನನ್ನು ಕರೆಯಲು ಮರೆಯಬೇಡಿ.

ಬಿಜೈ_ರಾತ್ರಿಪಾಳಿ

ಅದಕ್ಕೆ ಮೊದಲು 19ರಿಂದ 21. ಬಿಳಿ ತಿಮಿಂಗಿಲದ ಬೇಟೆ. ವಿಲ್‌ಹೆಲ್ಮ್ ಅನ್ನುವ ಅಜ್ಜ ಒಬ್ಬರು ಬರುತ್ತಾರೆ, ಹೆಂಡತಿಯನ್ನು ಕೊಂದ ಆ ತಿಮಿಂಗಿಲಕ್ಕಾಗಿ 14 ವರ್ಷ ಕಾದವರು. ಅವರ ಭಾಗವನ್ನು ನಿಮ್ಮ ಅಮ್ಮನಿಗೆ ಕನ್ನಡದಲ್ಲಿ ಹೇಳುತ್ತಾ ಹೋಗಲು ತಮ್ಮನಿಗೇ ಹೇಳಿ.

ಮಲ್ಪೆ_ಅಲೆ

ಹೇಳಿದೆ. ಇವತ್ತು ರಾತ್ರಿ ಊಟ ಆದ ಮೇಲೆ ಅಂತ ಆಗಿದೆ. ಲ್ಯಾಪ್‌ಟಾಪ್ ಈಗಲೇ ಚಾರ್ಜಿಗೆ ಇಟ್ಟಿದ್ದಾನೆ.